ಮಹಡಿ ಮೇಲಿನ ಮಲಾವಿ

ಮಾಂಸದಂಗಡಿಯಲ್ಲಿ ಲೊರೇನ್ ನಾಲ್ಕು ತುಂಡು ಹಂದಿ ಚಾಪ್ ಕೇಳಿದಳು. ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

"ನಾಲ್ಕಾ?" ಅಂಗಡಿಯವನು ಕತ್ತಿ ಹಿಡಿದುಕೊಂಡೇ ನಿಂತ. "ಜೋಸಿ ಆಫ್ರಿಕಾಕ್ಕೆ ಹೋದ್ಮೇಲೆ ನೀವು ಮೂರೇ ಜನ ಅಲ್ವೇನಮ್ಮ?"

"ಕ್ಲೈವ್ ಎರಡು ತಿಂತಾನೆ."

"ಡಾಕ್ಟ್ರು ಅವನಿಗೆ ಕೊಬ್ಬು ಬೇಡ ಅಂದಿದ್ರಲ್ಲ?"

"ಡಾಕ್ಟ್ರೇನು ನಮ್ಮನೇಲಿ ಊಟಕ್ಕೆ ಕೂರ್ತಾರಾ? ಸುಮ್ನೆ ಕಟ್ಟಿಕೊಡಪ್ಪಾ."

ಹಾರ್ಬೆಕ್ ಅಂಥ ಊರು. ಯಾರ ಮನೆಯಲ್ಲಿ ಎಷ್ಟು ಚಾಪ್ ಬೇಯುತ್ತದೆ, ಯಾರ ಮನೆಯ ಬಟ್ಟೆ ಒಣಹಾಕುವ ದಾರದ ಮೇಲೆ ಯಾರ ಕಾಲುಚೀಲ ಜೋತಾಡುತ್ತದೆ, ಎಲ್ಲ ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಕೇಳುವವರು ಕಡಿಮೆ, ಅಷ್ಟೆ. ಲೊರೇನ್ ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿ, ಗಾಳಿಗೆ ತಲೆ ತಗ್ಗಿಸಿಕೊಂಡು ಮನೆಯ ದಾರಿ ಹಿಡಿದಳು. ನಾಲ್ಕನೆಯ ಚಾಪ್ ತಿನ್ನಬೇಕಾದ ಮಗಳು ಜೋಸಿ ಮಹಡಿಯ ಹಿಂದಿನ ಕೋಣೆಯಲ್ಲಿ, ಪರದೆ ಎಳೆದುಕೊಂಡು, ಅಪ್ಪ ಕ್ಲೈವ್‌ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

ಕಾಲೇಜಿಗೆ ಸೇರುವ ಮುಂಚೆ ಒಂದು ವರ್ಷ ಬಿಡುವು ತೆಗೆದುಕೊಂಡು, ದೂರದ ಬಡದೇಶದಲ್ಲಿ ಸೇವೆ ಮಾಡಿ, ಹಾಗೇ ನಾಲ್ಕು ಊರು ತಿರುಗಿ ಬರುವುದು ಹಾರ್ಬೆಕ್‌ನಲ್ಲಿ ಡಾಕ್ಟರ ಮಕ್ಕಳ, ವಕೀಲರ ಮಕ್ಕಳ ಬಾಬತ್ತಾಗಿತ್ತು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುವ ಲೊರೇನ್‌ಳಂಥವಳ ಮಗಳು ಹೊರಟದ್ದು ಅದೇ ಮೊದಲು. ಊರಿಗೆ ಊರೇ ಅವಳನ್ನು ಕಳಿಸಿಕೊಟ್ಟಿತ್ತು. ಚರ್ಚಿನ ಹೆಂಗಸರು ಕೇಕು ಮಾರಿದರು, ಅವಳು ಹೋಗಲಿದ್ದ ಮಲಾವಿ ದೇಶದ ಮಕ್ಕಳಿಗೆಂದು ರಾಶಿ ರಾಶಿ ಉಣ್ಣೆಯ ಸ್ವೆಟರ್ ಹೆಣೆದರು. ಆ ದೇಶದಲ್ಲಿ ಬಿಸಿಲು ಸುಡುತ್ತದಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ಕ್ಲೈವ್ ಅಂತೂ ಮಗಳಿಗೆ ಹಣ ಕೂಡಿಸಲು ಫೆಬ್ರವರಿ ಚಳಿಯಲ್ಲಿ ಪೇಟೆಯ ನಡುಮಧ್ಯೆ ಸ್ನಾನದ ತೊಟ್ಟಿ ಇಟ್ಟು, ಅದರ ತುಂಬ ಡಬ್ಬಿಯ ಬೀನ್ಸ್ ಸುರಿಸಿಕೊಂಡು, ಚಡ್ಡಿಯಲ್ಲಿ ಒಂದು ಬೆಳಗೆಲ್ಲ ಕೂತಿದ್ದ. ನೋಡಲು ಬಂದವರೆಲ್ಲ ನಕ್ಕು ನಕ್ಕು ಡಬ್ಬಕ್ಕೆ ಕಾಸು ಹಾಕಿದ್ದರು.

ಮುಂದಿನ ವರ್ಷದ ಜೂನ್ ತಿಂಗಳಲ್ಲಿ ಬರಬೇಕಾದ ಹುಡುಗಿ ಅಕ್ಟೋಬರ್‌ನಲ್ಲೇ ಬಂದುಬಿಟ್ಟಳು. ಒಂದು ಮಧ್ಯಾಹ್ನ ಲೊರೇನ್ ಕೆಲಸ ಮುಗಿಸಿ ಹಿಂಬಾಗಿಲಿನಿಂದ ಒಳಗೆ ಬಂದರೆ, ಅಡುಗೆಮನೆಯ ಮೇಜಿನ ಮುಂದೆ ಕೂತು ಅಜ್ಜಿ ಎನಿಡ್ ಜೊತೆ ಬೆಣ್ಣೆ ಸವರಿದ ಟೋಸ್ಟ್ ತಿನ್ನುತ್ತಿದ್ದಾಳೆ! ಮುಖ ಕಪ್ಪಿಟ್ಟಿತ್ತು, ತೋಳು ಸೊರಗಿತ್ತು.

"ಹೊಟ್ಟೆ ಕೆಟ್ಟಿತ್ತಂತೆ ಪಾಪ," ಅಂದರು ಎನಿಡ್. ಲೊರೇನ್‌ಗೆ ಅತ್ತೆ, ಕ್ಲೈವ್‌ಗೆ ಹೆತ್ತ ತಾಯಿ. ಕಿವಿ ಮಂದ, ಬಾಯಿ ಚುರುಕು.

ಅತ್ತೆ ಮುಂದಿನ ಕೋಣೆಗೆ ಹೋಗಿ ಮಲಗಿದ ಮೇಲೆ ನಿಜ ಹೊರಗೆ ಬಂತು.

"ಹೊಟ್ಟೆಗೇನೂ ಆಗಿಲ್ಲಮ್ಮ. ನಾನೇ ಬಿಟ್ಟು ಬಂದೆ."

"ಬಿಟ್ಟು ಬಂದ್ಯಾ? ಏನು ಬಸ್ಸು ಇಳಿದ ಹಾಗೆ ಹೇಳ್ತೀಯಲ್ಲೇ!"

"ಅಲ್ಲಿ ಚಿಕೊಂಡಿ ಅಂತ ಒಬ್ಬಳು ಇದ್ಲು. ನಾನು ಪಾಠ ಹೇಳ್ತಿದ್ದ ಪುಟ್ಟ ಮಕ್ಕಳಿಗೆ ಮುಂಚೆ ಅವಳೇ ಟೀಚರ್. ನಾನು ಬರ್ತೀನಿ ಅಂತ ಗೊತ್ತಾದ ಕೂಡ್ಲೇ ಅವಳನ್ನ ಮನೆಗೆ ಕಳಿಸಿಬಿಟ್ರು. ನಾನು ಸಂಬಳ ಕೇಳಲ್ಲ, ಮೇಲಿಂದ ಕಾಸೂ ಕೊಟ್ಟು ಬರ್ತೀನಿ. ಅವಳಿಗೆ ಯಾಕೆ ಕೊಡಬೇಕು, ಹೇಳು? ಶಾಲೆ ಗೇಟಿನ ಹೊರಗೆ ಕರಿದ ಬನ್ ಮಾರ್ಕೊಂಡು ಕೂತಿರ್ತಿದ್ಲು. ದಿನಾ ನನ್ನ ನೋಡಿ ಗುಡ್ ಮಾರ್ನಿಂಗ್ ಅನ್ನೋಳು. ನನಗೆ ಪಾಠ ಮಾಡೋಕೆ ಬರಲ್ಲ ಅಮ್ಮ. ಹಾಡು ಹೇಳಿಸಿ ಹೇಳಿಸಿ ಮಕ್ಕಳಿಗೂ ಬೇಜಾರಾಗಿತ್ತು. ನಾನು ಹೊರಟ್ರೆ ಅವಳನ್ನ ಕರೀತಾರೆ ಅಂದ್ಕೊಂಡು ಹೊರಟೆ."

"ಕರೆದ್ರಾ?"

"ಗೊತ್ತಿಲ್ಲ. ಬೇರೆ ಹುಡುಗಿ ಬರ್ತಾಳೆ ಅಂತ ಅಂತಿದ್ರು." ಜೋಸಿ ಮೇಜಿನ ಮೇಲಿನ ಟೋಸ್ಟ್ ಪುಡಿಯನ್ನು ಬೆರಳಿಂದ ಒಟ್ಟು ಮಾಡಿದಳು. "ಭಾನುವಾರ ಚರ್ಚಲ್ಲಿ ನಾನೇ ಎದ್ದು ಇದನ್ನೆಲ್ಲ ಹೇಳ್ತೀನಿ."

ಮಗಳು ಹೇಳಿದ್ದು ತಪ್ಪು ಅಂತ ಲೊರೇನ್‌ಗೆ ಅನ್ನಿಸಲೇ ಇಲ್ಲ. ಅನ್ನಿಸಿದ್ದು ಒಂದೇ: ಮ್ಯೂರಿಯಲ್ ಮುಖ. ಚರ್ಚಿನ ಹೆಂಗಸರಿಗೆಲ್ಲ ಹಿರಿಯಳಾದ ಮ್ಯೂರಿಯಲ್ ಹುಬ್ಬು ಮೇಲೇರಿಸಿ "ಓಹ್, ಹೌದಾ" ಅನ್ನುವುದು. ಇಪ್ಪತ್ತು ವರ್ಷ ಆ ಹೆಂಗಸರ ಟೀ ಕಪ್ ತೊಳೆದ ಲೊರೇನ್‌ಳನ್ನು ಜೋಸಿ ಹೋದ ಮೇಲೆ ಅವರು ಮೊದಲ ಸಲ ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

"ಈ ಭಾನುವಾರ ಬೇಡ ಕಣೇ. ನಾನು ಮೊದಲು ಮೆಲ್ಲಗೆ ಹೇಳಿ ಇಟ್ಟಿರ್ತೀನಿ. ಅಲ್ಲೀತನಕ ಹೊರಗೆ ಕಾಣಿಸ್ಕೋಬೇಡ. ಒಂದೇ ಒಂದು ವಾರ."

ಸುಸ್ತಾಗಿದ್ದ ಹುಡುಗಿ ಒಪ್ಪಿಕೊಂಡಳು. ಆಮೇಲೆ ಸುಗ್ಗಿ ಊಟ ಮುಗಿಯಲಿ ಅಂತಾಯಿತು. ಆಮೇಲೆ ಚರ್ಚಿನ ಸಂತೆ ಮುಗಿಯಲಿ ಅಂತಾಯಿತು.

ಕ್ಲೈವ್ ಪುರಸಭೆಯ ಕಸದ ಲಾರಿ ಓಡಿಸುತ್ತಿದ್ದ. ಊಟದ ಹೊತ್ತಿಗೆ ದಿನಾ ಒಂದೇ ರಾಗ.

"ಇದು ಸರಿ ಹೋಗಲ್ಲ ಲೊರೇನ್."

"ಹಾಗಾದ್ರೆ ನೀನೇ ಹೋಗಿ ಹೇಳು. ಲಾರಿಯಿಂದ ತಲೆ ಹೊರಗೆ ಹಾಕಿ ಕೂಗ್ಕೊಂಡು ಹೋಗು."

"ನಾನ್ಯಾಕೆ ಹೇಳ್ಲಿ? ಆ ಬೀನ್ಸ್ ಎಷ್ಟು ತಣ್ಣಗಿತ್ತು ಅಂತ ಗೊತ್ತಾ ನಿನಗೆ?"

"ಗೊತ್ತು ಮಾರಾಯ. ಮದುವೆ ದಿನಕ್ಕಿಂತ ಜಾಸ್ತಿ ಸಲ ಆ ಬೀನ್ಸ್ ನೆನೆಸ್ಕೊಂಡಿದ್ದೀಯ."

ಅವನು ತಟ್ಟೆಯಲ್ಲಿನ ಗ್ರೇವಿಯನ್ನು ಬ್ರೆಡ್ಡಿನಿಂದ ಒರೆಸಿ ಬಾಯಿಗೆ ಹಾಕಿಕೊಂಡು, ಹಿತ್ತಲಿನ ಶೆಡ್ಡಿಗೆ ನಡೆದುಬಿಡುತ್ತಿದ್ದ. ಯಾವ ಜಗಳವನ್ನಾದರೂ ಅವನು ಮುಗಿಸುತ್ತಿದ್ದದ್ದು ಹಾಗೆ.

ಎನಿಡ್ ಮಾತ್ರ ಬಿಡುತ್ತಿರಲಿಲ್ಲ. "ಕದ್ದ ಮಾಲಿನ ಹಾಗೆ ಹುಡುಗೀನ ಬಚ್ಚಿಟ್ಟಿದ್ದೀಯಲ್ಲೇ! ಹೊಟ್ಟೆ ಕೆಟ್ಟು ವಾಪಸ್ ಬಂದ್ರೆ ಯಾರು ತಲೆ ತೆಗೀತಾರೆ?"

"ನಿಮಗೆ ಗೊತ್ತಾಗಲ್ಲ ಅತ್ತೆ."

"ನನಗೆ ಏನು ಗೊತ್ತಾಗುತ್ತೆ ಅಂತೀಯ ನೀನು? ಆಯ್ತು, ನಿಮ್ಮ ಮನೆ, ನಿಮ್ಮ ಬಾಯಿ. ನಾನು ಯಾರಿಗೂ ಹೇಳಲ್ಲ. ಕೇಳಿದ್ರೆ ಕಿವಿ ಕೇಳಿಸಲ್ಲ ಅಂತೀನಿ."

ಜೋಸಿ ಮನೆಯೊಳಗೆ ಕಾಲುಚೀಲದಲ್ಲೇ ಓಡಾಡುವುದನ್ನು ಕಲಿತಳು. ಬಾಗಿಲು ಬಡಿದರೆ ಉಸಿರು ಹಿಡಿಯುವುದನ್ನು ಕಲಿತಳು. ಆಲೂಗಡ್ಡೆ ಸುಲಿದಳು, ಇಸ್ತ್ರಿ ಮಾಡಿದಳು, ಅಜ್ಜಿಯ ಕಾಲುಗುರು ಕತ್ತರಿಸಿದಳು. ಮಲಾವಿಯ ಬಿಸಿಲು ಹಚ್ಚಿದ ಕಪ್ಪು ದಿನದಿನಕ್ಕೆ ತೊಳೆದುಹೋಗುತ್ತಿತ್ತು. ಅವಳು ಏನೂ ಕೇಳದೆ ಇದ್ದದ್ದು ಲೊರೇನ್‌ಗೆ ಮೊದಮೊದಲು ನೆಮ್ಮದಿಯಾಗೇ ಕಂಡಿತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಜಾರದಲ್ಲಿ ಟೀ ಕೊಡುತ್ತಾರೆ. ಅಲ್ಲೇ ಊರಿನ ಸುದ್ದಿಯೂ ಆಗುತ್ತದೆ. ಯಾರಿಗೆ ಆಪರೇಷನ್, ಯಾರ ಮೊಮ್ಮಗು ನಡೆಯಿತು ಅಂತ ಒಬ್ಬೊಬ್ಬರೇ ಎದ್ದು ಹೇಳಬೇಕು. ಈಗ ಎಲ್ಲರಿಗಿಂತ ಮೊದಲು ಲೊರೇನ್ ಸರದಿ.

"ನಮ್ಮ ಜೋಸಿ ಏನಂತಾಳಮ್ಮಾ?" ಮ್ಯೂರಿಯಲ್ ಕೇಳುತ್ತಿದ್ದಳು.

ಮೊದಲೆರಡು ವಾರ ಲೊರೇನ್, ಮಗಳು ನಿಜವಾಗಿ ಅಲ್ಲಿದ್ದಾಗ ಫೋನಿನಲ್ಲಿ ಹೇಳಿದ್ದನ್ನೇ ಹೊಸದರಂತೆ ಹೇಳಿದಳು. ಕೆರೆಯ ಮೀನು, ಕೆಂಪು ಧೂಳು, ಬೆಳಗಿನ ಹಾಡು. ಮೂರನೆಯ ವಾರ ಸರಕು ಮುಗಿಯಿತು. ಹಜಾರದ ತುಂಬ ಮುಖಗಳು ಅವಳತ್ತ ತಿರುಗಿ ಕಾಯುತ್ತಿವೆ.

"ಒಂದು ಪುಟ್ಟ ಹುಡುಗಿ," ಅಂದುಬಿಟ್ಟಳು. "ಜೋಸಿ ಬೆನ್ನು ಬಿಡದೆ ಓಡಾಡುತ್ತಂತೆ. ಪಾಪ, ಕಾಲು ಸರಿಯಿಲ್ಲ. ಕುಂಟುತ್ತೆ."

"ಅಯ್ಯೋ! ಏನು ಹೆಸರು?"

ಆ ದೇಶದ ಹೆಸರು ಅವಳಿಗೆ ಗೊತ್ತಿದ್ದದ್ದು ಒಂದೇ.

"ಚಿಕೊಂಡಿ."

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಎನಿಡ್ ಮೊಮ್ಮಗಳ ಕೈ ಹಿಡಿದುಕೊಂಡರು. "ಚರ್ಚಲ್ಲಿ ಫೋನು ಬಂತು ಅಂತ ಇವಳು ಹೇಳೋದು ಹಸೀ ಸುಳ್ಳು, ಅದು ನನಗೆ ಗೊತ್ತು. ಆದ್ರೆ ಆ ಕುಂಟು ಮಗು ವಿಷಯ ನನಗ್ಯಾಕೆ ಹೇಳ್ಲಿಲ್ಲ ನೀನು? ಚಿಕೊಂಡಿ ಅಂತಲ್ಲ, ಆ ಮಗು?"

ಜೋಸಿಯ ಇನ್ನೊಂದು ಕೈಯಲ್ಲಿದ್ದ ಮುಳ್ಳುಚಮಚ ನಿಂತಿತು. ಅವಳು ಅಮ್ಮನನ್ನು ನೋಡಿದಳು. ಲೊರೇನ್ ಕಣ್ಣಲ್ಲೇ ಬೇಡಿಕೊಂಡಳು. ಕ್ಲೈವ್ ಎದ್ದು, ಬೇಡದಿದ್ದರೂ ಸಾಸಿವೆ ಡಬ್ಬಿ ಹುಡುಕತೊಡಗಿದ.

"ನೆನೆಸ್ಕೊಂಡ್ರೆ ಅಳು ಬರುತ್ತೆ ಅಜ್ಜಿ," ಅಂದಳು ಜೋಸಿ ಕೊನೆಗೆ. "ಅದಕ್ಕೇ ಹೇಳ್ಲಿಲ್ಲ."

"ಹಾಗಾದ್ರೆ ನಿಜಾನೇ?"

"ನಿಜ."

ಪಾತ್ರೆ ತೊಳೆಯುವಾಗ ಹುಡುಗಿ ಅಮ್ಮನ ಮೇಲೆ ಬಿದ್ದಳು. ದನಿ ಏರಿಸುವ ಹಾಗಿಲ್ಲ, ಪಕ್ಕದ ಮನೆಗೆ ಕೇಳಿಸುತ್ತದೆ; ಹಲ್ಲು ಕಚ್ಚಿಕೊಂಡೇ ಜಗಳ.

"ಚಿಕೊಂಡಿಗೆ ಇಪ್ಪತ್ತನಾಲ್ಕು ವರ್ಷ ಅಮ್ಮ. ಕಾಲು ನೆಟ್ಟಗಿದೆ. ನನ್ನಿಂದ ಕೆಲಸ ಕಳ್ಕೊಂಡ್ಲು. ಈಗ ನೀನು ಅವಳನ್ನ ಕುಂಟು ಮಗು ಮಾಡಿ ಕೂರಿಸಿದ್ದೀಯ!"

"ಬಾಯಿಗೆ ಬಂತು, ಹೇಳ್ದೆ. ಅವಳಿಗೇನು ಕೇಳಿಸುತ್ತಾ?"

"ನನಗೆ ಕೇಳಿಸುತ್ತೆ."

"ನಿನಗೋಸ್ಕರ ತಾನೇ ಎಲ್ಲಾ!"

"ನನಗೋಸ್ಕರ ಅಲ್ಲ," ಅಂದಳು ಜೋಸಿ. "ನೀನು ಅಲ್ಲಿ ಎದ್ದು ನಿಂತಾಗ ಎಲ್ರೂ ಸುಮ್ಮನಾಗ್ತಾರಲ್ಲ, ಅದಕ್ಕೋಸ್ಕರ."

ಲೊರೇನ್ ಒದ್ದೆ ಬಟ್ಟೆಯನ್ನು ತೊಟ್ಟಿಗೆ ಎಸೆದು ಹೊರಟುಹೋದಳು.

ನವೆಂಬರ್‌ನಲ್ಲಿ ಮ್ಯೂರಿಯಲ್ ಒಂದು ಡಬ್ಬ ಶುಂಠಿ ಬಿಸ್ಕತ್ತು ಹಿಡಿದುಕೊಂಡು ಹೇಳದೆ ಕೇಳದೆ ಮನೆಗೇ ಬಂದಳು. ಅಡುಗೆಮನೆಯಲ್ಲಿದ್ದ ಜೋಸಿಗೆ ಮಹಡಿ ಹತ್ತಲು ಸಮಯವಿರಲಿಲ್ಲ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಪೊರಕೆ ಮತ್ತು ಕ್ಲೈವ್‌ನ ಬೂಟುಗಳ ನಡುವೆ ಕೂತಳು. ಮ್ಯೂರಿಯಲ್ ಎರಡು ಕಪ್ ಟೀ ಕುಡಿಯುವ ತನಕ ಅಲ್ಲೇ.

"ಆ ಮಗೂನ ತಲೆಯಿಂದ ತೆಗೆಯೋಕೇ ಆಗ್ತಿಲ್ಲ ಲೊರೇನ್. ಕಾಲಿನ ಆಪರೇಷನ್ನಿಗೆ ಅಂತ ಕಾಣಿಕೆ ಡಬ್ಬಿ ಇಟ್ಟಿದ್ದೀವಿ. ಕ್ರಿಸ್ಮಸ್ ಹಿಂದಿನ ಭಾನುವಾರ ಹಜಾರದಲ್ಲಿ ದೊಡ್ಡ ಪರದೆ ಹಾಕಿ, ಜೋಸಿ ಜೊತೆ ವಿಡಿಯೋ ಕಾಲ್ ಮಾಡೋಣ. ಪಾದ್ರಿಗಳೂ ಹೂಂ ಅಂದ್ರು."

"ಅಲ್ಲಿ ಕರೆಂಟೇ ಇರಲ್ಲ ಮ್ಯೂರಿಯಲ್…"

"ಇದ್ದಾಗ ಮಾಡೋಣ. ಎಂಥ ಮಗಳನ್ನ ಹೆತ್ತಿದ್ದೀಯಮ್ಮ! ಅಂಥ ಹುಡುಗಿ ಈ ಊರಲ್ಲೇ ಹುಟ್ಟಿಲ್ಲ."

ಮ್ಯೂರಿಯಲ್ ಹೋದ ಮೇಲೆ ಜೋಸಿ ಕಪಾಟಿನಿಂದ ಹೊರಗೆ ಬಂದಳು. ಕೂದಲಿಗೆ ಜೇಡರ ಬಲೆ ಅಂಟಿಕೊಂಡಿತ್ತು. ಅವಳು ನಗುತ್ತಿದ್ದಳು, ಆ ನಗು ಲೊರೇನ್‌ಗೆ ಹಿಡಿಸಲಿಲ್ಲ.

"ಜೋಸಿ, ಕೇಳು, ನಾನು ಏನಾದ್ರೂ ನೆಪ ಹೇಳಿ…"

"ಯಾಕೆ? ಮಾಡ್ತೀನಿ ಬಿಡು."

"ಮಾಡ್ತೀಯಾ?"

"ಮಹಡಿ ಮೇಲಿಂದಾನೇ. ಬೇಸಿಗೆ ಫ್ರಾಕ್ ಹಾಕ್ಕೋತೀನಿ, ಗೋಡೆಗೆ ಆ ಕಂದು ಹೊದಿಕೆ ಕಟ್ಟು. ದೀಪ ಹತ್ತಿರ ಇಟ್ರೆ ಬಿಸಿಲಿನ ಹಾಗೆ ಕಾಣುತ್ತೆ. ಇನ್ನೇನು ಬೇಕು ನಿನಗೆ?" ಅಂದು ಒಂದು ಶುಂಠಿ ಬಿಸ್ಕತ್ತು ಎತ್ತಿಕೊಂಡು ಕಟುಮ್ಮನೆ ಕಡಿದಳು.

ಲೊರೇನ್‌ಗೆ ಹೋದ ಜೀವ ಬಂದಂತಾಯಿತು. ಅವತ್ತೇ ಹೊದಿಕೆ ಒಗೆದು ಹಾಕಿದಳು.

ಆ ಭಾನುವಾರ ಬೆಳಗಿನಿಂದಲೇ ಜಡಿಮಳೆ. ಹಜಾರದಲ್ಲಿ ಕೂರಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಎನಿಡ್, ಪಕ್ಕದಲ್ಲಿ ಕ್ಲೈವ್. ಅತ್ತೆ ಬರುವುದಿಲ್ಲ ಅಂತ ಹಟ ಮಾಡಿದ್ದರು. ಆ ಮಗುವಿನ ಆಪರೇಷನ್ನಿಗೆ ಅಂದಮೇಲೆ ಹೊರಟಿದ್ದರು. ಲೊರೇನ್ ಮ್ಯೂರಿಯಲ್ ಪಕ್ಕ, ಪರದೆಯ ಹತ್ತಿರ, ಒಳ್ಳೆಯ ನೀಲಿ ಕೋಟು ಹಾಕಿಕೊಂಡು ನಿಂತಿದ್ದಳು.

ಪರದೆಯ ಮೇಲೆ ಮಗಳ ಮುಖ ಮೂಡಿತು. ಬರಿಯ ತೋಳು, ಹಿಂದೆ ಮಣ್ಣಿನ ಬಣ್ಣದ ಗೋಡೆ, ಕೆನ್ನೆಯ ಮೇಲೆ ಹಳದಿ ಬೆಳಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಎನಿಡ್ ಮಾತ್ರ ತಲೆ ಎತ್ತಲಿಲ್ಲ.

"ಎಲ್ರೂ ಹೇಗಿದ್ದೀರಾ?" ಅಂದಳು ಜೋಸಿ. "ಇಲ್ಲಿ ಮಳೆಗಾಲ ಶುರುವಾಯ್ತು. ತಗಡಿನ ಮೇಲೆ ಸದ್ದು ಕೇಳಿಸ್ತಿದ್ಯಾ?"

"ಇಲ್ಲೂ ಮಳೆ ಕಣಮ್ಮಾ!" ಅಂತ ಹಿಂದಿನಿಂದ ಯಾರೋ ಕೂಗಿದರು. ಹಜಾರ ನಕ್ಕಿತು. ಜೋಸಿಯೂ ನಕ್ಕಳು. ಲೊರೇನ್ ಕೂಡ ನಕ್ಕಳು.

"ಚಿಕೊಂಡಿ ಹೇಗಿದ್ದಾಳೆ ಕಂದಾ?" ಮ್ಯೂರಿಯಲ್ ಕೇಳಿದಳು.

"ಈಗಷ್ಟೇ ಮಲಗಿಸಿ ಬಂದೆ. ಮಳೆ ಬಂದ್ರೆ ಕಾಲು ನೋಯುತ್ತೆ ಅವಳಿಗೆ. ನಾನು ಎಣ್ಣೆ ಹಚ್ಚಿ ತಿಕ್ತೀನಿ. ನಿಮ್ಮೆಲ್ಲರ ಹೆಸರೂ ಕಲಿತಿದ್ದಾಳೆ. ಮಲಗೋ ಮುಂಚೆ ಒಂದೊಂದೇ ಹೇಳ್ತಾಳೆ. ಮೂರಿಯಾ ಅಂತಾಳೆ ನಿಮಗೆ."

ಮ್ಯೂರಿಯಲ್ ಕರವಸ್ತ್ರ ತೆಗೆದಳು. ಸುತ್ತ ಮೂಗೆಳೆಯುವ ಸದ್ದು. ಜೋಸಿ ನಿಲ್ಲಿಸಲಿಲ್ಲ. ಮಗುವಿನ ಮುಂದಿನ ಹಲ್ಲು ಬಿದ್ದದ್ದು, ಅದು ಅನ್ನದ ತಟ್ಟೆಯನ್ನು ಅಪ್ಪಿಕೊಂಡು ತಿನ್ನುವುದು, "ಆಪರೇಷನ್ ಆದ್ಮೇಲೆ ಓಡ್ತೀನಾ?" ಅಂತ ಕೇಳುವುದು. ಲೊರೇನ್ ಕಟ್ಟಿದ ಸುಳ್ಳಿಗೆ ಕಾಲು ಮಾತ್ರ ಇತ್ತು. ಮಗಳು ಅದಕ್ಕೆ ಮುಖ ಕೊಟ್ಟಳು, ದನಿ ಕೊಟ್ಟಳು.

ಚಿಕ್ಕವಳಿದ್ದಾಗ ಈ ಹುಡುಗಿ ಬಿಸ್ಕತ್ತು ಕದ್ದರೆ ಕೇಳುವ ಮೊದಲೇ ಬಂದು ಒಪ್ಪಿಕೊಳ್ಳುತ್ತಿದ್ದಳು. ಸುಳ್ಳು ಹೇಳಲು ಹೋದರೆ ಕಿವಿ ಕೆಂಪಾಗಿ ತೊದಲುತ್ತಿದ್ದಳು. ಒಬ್ಬಳ ಅನ್ನ ಕಿತ್ತುಕೊಳ್ಳಲಾರೆ ಅಂತ ಭೂಮಿಯ ಆ ತುದಿಯಿಂದ ಎದ್ದು ಬಂದವಳು ಇವಳೇ. ಈಗ ಅಷ್ಟು ದೊಡ್ಡ ಪರದೆಯಲ್ಲಿ ಕಿವಿ ಕೆಂಪಾಗಲಿಲ್ಲ, ರೆಪ್ಪೆ ಅಲುಗಲಿಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಲೊರೇನ್ ಪರದೆಯತ್ತ ಒಂದು ಹೆಜ್ಜೆ ಇಟ್ಟಳು. ಅಯ್ಯೋ, ಏನು ಮಾಡಿಬಿಟ್ಟೆ ನಾನು ಇವಳನ್ನ!

"ಜೋಸಿ," ಅಂದಳು. ಮನೆಯಲ್ಲಿ ಮೆಟ್ಟಿಲ ಬುಡದಲ್ಲಿ ನಿಂತು ಕರೆಯುವ ದನಿಯೇ ಬಂತು. "ಸಾಕು. ಕೆಳಗಿಳಿದು ಬಾ."

ಪರದೆಯ ಮೇಲೆ ಹುಡುಗಿಯ ಬಾಯಿ ತೆರೆದಂತೆಯೇ ನಿಂತಿತು.

"ಕೆಳಗೆ ಅಂದ್ರೆ?" ಮ್ಯೂರಿಯಲ್ ಅತ್ತಿತ್ತ ನೋಡಿದಳು.

"ನಮ್ಮನೆ ಮಹಡಿಯಿಂದ. ಅಕ್ಟೋಬರ್‌ನಿಂದ ಅಲ್ಲೇ ಇದ್ದಾಳೆ. ಬಂದ ದಿನವೇ ನಿಮ್ಮೆದುರು ನಿಜ ಹೇಳ್ತೀನಿ ಅಂದ್ಲು, ನಾನು ಬಿಡಲಿಲ್ಲ. ಮಗು ಇಲ್ಲ. ಕುಂಟು ಕಾಲೂ ಇಲ್ಲ. ನಾನು ಕಟ್ಟಿದ್ದು."

ಅವರ ಮನೆ ಚರ್ಚಿನ ಹಿಂದಿನ ಬೀದಿಯಲ್ಲೇ. ಜೋಸಿ ಬರುವ ತನಕ ಟೀ ಕಾಯಿಸುವ ದೊಡ್ಡ ಪಾತ್ರೆಯೊಂದೇ ಸದ್ದು ಮಾಡುತ್ತಿತ್ತು. ಫ್ರಾಕಿನ ಮೇಲೆ ಅಪ್ಪನ ಕೆಲಸದ ಕೋಟು ಎಳೆದುಕೊಂಡು, ಒದ್ದೆ ತಲೆಯಲ್ಲಿ ಬಂದು ಅವಳು ಬಾಗಿಲಲ್ಲಿ ನಿಂತಳು. ಯಾರೂ ಕಿರುಚಲಿಲ್ಲ. ಹಾರ್ಬೆಕ್‌ನಲ್ಲಿ ಕಿರುಚುವುದಿಲ್ಲ.

"ಚಿಕೊಂಡಿ ಇದ್ದಾಳೆ," ಅಂದಳು ಜೋಸಿ. ಈಗ ತೊದಲಿದಳು. "ಮಗು ಅಲ್ಲ. ಟೀಚರ್. ನಾನು ಹೋಗಿದ್ದಕ್ಕೆ ಅವಳ… ಅವಳ ಕೆಲಸ ಹೋಯ್ತು." ಕಿವಿ ಕೆಂಪಗೆ ಕೆಂಡವಾಗಿತ್ತು. ಅವಳು ಗೇಟಿನ ಹೊರಗಿನ ಬನ್ನಿನ ಬುಟ್ಟಿಯ ತನಕ ಹೇಳುವಷ್ಟರಲ್ಲಿ ಅರ್ಧ ಜನ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

ಮ್ಯೂರಿಯಲ್ ಆಪರೇಷನ್ ಡಬ್ಬಿಯನ್ನು ಕಂಕುಳಿಗೆ ಸೇರಿಸಿದಳು. "ನೀನು ಬೀನ್ಸ್‌ನಲ್ಲಿ ಕೂತಿದ್ದಾದ್ರೂ ನಿಜ ತಾನೇ ಕ್ಲೈವ್?" ಅಂದು, ಅಲ್ಲಿ ಬರೀ ಗೋಡೆ ಇದೆಯೇನೋ ಅನ್ನುವಂತೆ ಲೊರೇನ್ ಪಕ್ಕದಿಂದ ಹಾದುಹೋದಳು.

ಹಜಾರ ಖಾಲಿಯಾಯಿತು. ಎನಿಡ್ ಮಾತ್ರ ಕೂತಲ್ಲೇ ಕೂತಿದ್ದರು. ಅರ್ಧ ಕೇಳಿಸಿತ್ತು, ಅರ್ಧ ಇಲ್ಲ.

"ಹಾಗಾದ್ರೆ ಆ ಮಗು ಎಲ್ಲಿ?"

"ಇಲ್ಲ ಅಜ್ಜಿ," ಜೋಸಿ ಅವರ ಮುಂದೆ ಮಂಡಿಯೂರಿದಳು.

"ನಿಜ ಅಂದ್ಯಲ್ಲೇ ನೀನು. ಊಟದ ಮೇಜಿನ ಮುಂದೆ. ನಾನು ಕೈ ಹಿಡ್ಕೊಂಡು ಕೇಳಿದ್ದಕ್ಕೆ."

ಜೋಸಿ ಬಿಕ್ಕಿದಳು. ಲೊರೇನ್ ಮುಂದೆ ಬಂದಳು. "ಅವಳ ತಪ್ಪಿಲ್ಲ ಅತ್ತೆ. ಹೇಳಿಸಿದ್ದು ನಾನು."

"ದಿನಾ ಎದ್ದ ಕೂಡ್ಲೇ ಆ ಮಗೂಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ," ಅಂದರು ಎನಿಡ್. "ನಿಮ್ಮೆಲ್ಲರಿಗಿಂತ ಮೊದಲು ಅದಕ್ಕೆ. ಸತ್ತಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಹುಟ್ಟೇ ಇಲ್ಲದ ಮಗೂಗೆ ಈಗ ನಾನು ಏನು ಮಾಡ್ಲಿ, ಹೇಳು ಲೊರೇನ್?"

ಲೊರೇನ್ ಅವರ ಭುಜದ ಮೇಲೆ ಕೈ ಇಟ್ಟಳು. ಮುದುಕಿ ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟು, ಮೊಮ್ಮಗಳನ್ನು ಹಿಡಿದುಕೊಂಡು ಮೇಲೆದ್ದರು.